ಬಾಗಿಲಲ್ಲಿ ತಡೆದು ನಿಲ್ಲಿಸಿದ ರಾಕ್ಷಸ

ಸ್ನೇಹಿತರೇ, ನನ್ನ ಕಿವಿಯಲ್ಲಿ ಚೆಂಡೆ ಇನ್ನೂ ನಿಂತಿಲ್ಲ. ಇವತ್ತು ಸಂಜೆ ವಿಶ್ವವಿದ್ಯಾನಿಲಯದವರು ಊರವರಿಗಾಗಿ ಇಟ್ಟ, ದೇವಿ ರಾಕ್ಷಸನನ್ನು ಕೊಲ್ಲುವ ಕಥೆಯ ಯಕ್ಷಗಾನಕ್ಕೆ ಭಾವನ ಜೊತೆ ಹೋಗಿದ್ದೆ. ಮೆಲ್ಕಾರಿನಲ್ಲಿ ಬಸ್ಸು ತಡವಾಗಿ, ನಾವು ಮುಟ್ಟುವಾಗ ಸಭಾಂಗಣದ ಬಾಗಿಲು ಹಾಕಿ ಆಗಿತ್ತು.

“ಶುರುವಾದ ಮ್ಯಾಲೆ ಯಾರನ್ನೂ ಬಿಡಂಗಿಲ್ರಿ,” ಎಂದ ಹುಬ್ಬಳ್ಳಿ ಕಡೆಯ ಹೊಸ ಕಾವಲುಗಾರ.

“ಆಟಕ್ಕೆ ಗಂಟೆ ನೋಡಿ ಹೋಗುವ ಕ್ರಮ ನಮ್ಮಲ್ಲಿ ಉಂಟಾ?” ಎಂದು ಭಾವ ಗೊಣಗಿದರು.

ಒಳಗೆ ಚೆಂಡೆ ಏರುತ್ತಿತ್ತು. ನಿಂತಲ್ಲಿ ನಿಲ್ಲಲಾಗದೆ ನಾನು ಶತಪಥ ಹಾಕತೊಡಗಿದೆ. ಪಕ್ಕದಲ್ಲೇ ಇನ್ನೊಬ್ಬರೂ ಶತಪಥ ಹಾಕುತ್ತಿದ್ದರು. ಕೋಣನ ಕೋಡು ಕಟ್ಟಿ, ಮುಖ ತುಂಬ ಬಣ್ಣ ಬರೆದುಕೊಂಡ ರಾಕ್ಷಸ ವೇಷದವರು. ನಮ್ಮ ಆಟಗಳಲ್ಲಿ ಆ ವೇಷ ಬರುವುದು ಪರದೆಯ ಹಿಂದಿನಿಂದಲ್ಲ, ಜನರ ನಡುವಿನಿಂದ ಬೊಬ್ಬೆ ಹೊಡೆಯುತ್ತ. ಅದಕ್ಕೇ ಹೊರಗೆ ಬಂದಿದ್ದರು. ಈಗ ಅವರಿಗೂ ಪ್ರವೇಶ ಇಲ್ಲ.

“ಚೆಂಡೆಯವರ ಕೈ ಸೋತು ಹೋಗ್ತದೆ, ಬಿಡಿ ಮಾರಾಯ್ರೆ,” ಎಂದು ರಾಕ್ಷಸರು ಮೆಲ್ಲಗೆ ಬೇಡಿಕೊಳ್ಳುತ್ತಿದ್ದರು.

“ಸ್ಟೇಜಿನವ್ರು ಹಿಂದಿನ ಬಾಗಿಲಿಂದ ಹೋಗ್ರಿ.”

ಭಾವನ ತಾಳ್ಮೆ ಮುಗಿಯಿತು. “ಇವರು ಒಳಗೆ ಹೋಗದಿದ್ರೆ ದೇವಿ ಯಾರನ್ನು ಕೊಲ್ಲುವುದು? ನಿಮ್ಮನ್ನಾ?”

ಕಾವಲುಗಾರ ಒಂದು ಗಳಿಗೆ ಯೋಚಿಸಿ ಬಾಗಿಲು ತೆರೆದ. ರಾಕ್ಷಸರು ಬೊಬ್ಬೆ ಹೊಡೆದು ನುಗ್ಗಿದರು. ಅವರ ಬೆನ್ನಿಗೇ ನಾವಿಬ್ಬರೂ ಬೊಬ್ಬೆ ಹೊಡೆಯುತ್ತ ನುಗ್ಗಿದೆವು. ಜನ ನಮಗೂ ಚಪ್ಪಾಳೆ ತಟ್ಟಿದರು.

ಗೇಟಿನ ಬ್ಯಾನರಿನಲ್ಲಿ ‘ಸಾರ್ವಜನಿಕರಿಗೆ ಮುಕ್ತ ಪ್ರವೇಶ’ ಎಂದಿತ್ತು. ನಮಗೆ ಅದು ಸಿಕ್ಕಿದ್ದು ರಾಕ್ಷಸರ ಕಡೆಯವರಾದ ಮೇಲೆ.