ಹೂಜಿ ಭಾವ ಗೆದ್ದ ಪರೀಕ್ಷೆ

ಕಲ್ಲು ಪಾಲಿಷ್ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಧೂಳು ಕುಡಿದ ಈ ಮಹಾಶಯನಿಗೂ ಒಂದು ಹೆಸರಿತ್ತು. ಆದರೆ ಹೆಂಡತಿಯ ತಮ್ಮ 'ಭಾವ' ಎಂದು ಕರೆದದ್ದನ್ನೇ ಊರು ಹಿಡಿದುಕೊಂಡು, ಮುಂದೊಂದು ಹೂಜಿ ಸೇರಿಸಿ, ಹೂಜಿ ಭಾವ ಮಾಡಿತ್ತು.

ಭಾನುವಾರ ಸಂಜೆ ಕ್ಷೌರದಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಮೂವರು ಬ್ಲೂಸ್ ಎಂಬ ಅಮೆರಿಕದ ಗೋಳಿನ ಹಾಡು ಹಾಡಲು ಕೂರುತ್ತಿದ್ದರು. ಅಂಗಡಿಯವನು ಗಿಟಾರ್ ಹಿಡಿದು, ಬಿಟ್ಟುಹೋದ ಹೆಂಡತಿಗಾಗಿ ಗೋಳಾಡುತ್ತಿದ್ದ. ಅವನ ಹೆಂಡತಿ ಎಲ್ಲಿಗೂ ಹೋಗದೆ ಒಳಗೆ ಟವೆಲ್ ಮಡಿಸುತ್ತಿದ್ದಳು. ಹೂಜಿ ಭಾವನ ಭಾವಮೈದ, ಕಸುಬಿನಲ್ಲಿ ದರ್ಜಿ, ಬೆರಳತುದಿಗಳಿಗೆಲ್ಲ ಹೊಲಿಗೆಯ ಲೋಹದ ಅಂಗುಸ್ತಾನ ತೊಟ್ಟು ಬಟ್ಟೆ ಉಜ್ಜುವ ತಗಡಿನ ಹಲಗೆಯನ್ನು ತಾಳಕ್ಕೆ ಕೆರೆಯುತ್ತಿದ್ದ. ಇವರಿಬ್ಬರ ಅಡಿಯಲ್ಲಿ ನೆಲ ನಡುಗಿಸುವ ದನಿ ನಮ್ಮ ವೀರನದು. ಖಾಲಿ ಹೂಜಿಯ ಬಾಯಿಗೆ ತುಟಿ ತಾಗಿಸದೆ, ಕೆನ್ನೆ ಉಬ್ಬಿಸಿ, ನಾಲಿಗೆಯಿಂದ ಗಾಳಿ ಉಗುಳಿದನೆಂದರೆ ಕನ್ನಡಿಯ ಮುಂದಿನ ಬಾಚಣಿಗೆಗಳು ಕುಣಿಯುತ್ತಿದ್ದವು.

ಆ ವರ್ಷ ಕಾರ್ಖಾನೆಗೆ ಉಸಿರಿನ ಪರೀಕ್ಷೆ ಬಂತು. ಕೊಳವೆಗೆ ಊದಬೇಕು, ಮೀಟರಿನ ಮುಳ್ಳು ಏರಬೇಕು. ಏರಿಸಲಾಗದವರನ್ನು ಧೂಳಿನಿಂದ ಬಿಡಿಸಿ, ಅದೇ ಸಂಬಳಕ್ಕೆ ಗೇಟಿನಲ್ಲಿ ಕೂರಿಸುತ್ತಾರೆ. ಮನೆಯ ಮೆಟ್ಟಿಲು ಹತ್ತಲು ಎರಡು ಸಲ ನಿಲ್ಲುತ್ತಿದ್ದ ಗಂಡನಿಗೆ ಹೆಂಡತಿ ಹೇಳಿಯೇ ಕಳಿಸಿದ್ದಳು: "ಇರೋದನ್ನ ಇದ್ದಂಗೆ ಊದಿ ಬನ್ನಿ. ನಿಮ್ಮ ಪ್ರತಾಪ ಅಲ್ಲಿ ಬೇಡ."

ಆದರೆ ಸಾಲಿನಲ್ಲಿ ನಿಂತವರು ಬಿಡಬೇಕಲ್ಲ! "ಹೂಜಿ ಬಂತು, ದಾರಿ ಬಿಡ್ರೋ!" ಎಂದರು. ನರ್ಸಮ್ಮ ಬೇರೆ, "ಜೋರಾಗಿ ಊದಿ" ಎಂದಳು. ಇವನಿಗೆ ಊದುವುದನ್ನು ಹೇಳಿಕೊಡುವುದೇ! ಎದೆಯಲ್ಲಿ ಇಲ್ಲದ್ದನ್ನು ಕೆನ್ನೆಯಲ್ಲಿ ತುಂಬಿಕೊಂಡು, ಹೂಜಿಗೆ ಉಗುಳುವಂತೆಯೇ ಟಪ್ಪೆಂದು ಉಗುಳಿದ. ಮುಳ್ಳು ತುದಿಗೆ ಹೋಗಿ ಬಡಿಯಿತು. ಇಡೀ ಕಾರ್ಖಾನೆಗೇ ಮೊದಲಿಗ! ಮಾರನೆಯ ದಿನ ದಿಗ್ವಿಜಯಿಯನ್ನು ನೀರಿಲ್ಲದೆ ಕಲ್ಲು ಕೊಯ್ಯುವ ಗರಗಸದ ಮುಂದೆ, ಅತಿ ಹೆಚ್ಚು ಧೂಳಿನ ಜಾಗದಲ್ಲಿ, ನಿಲ್ಲಿಸಿದರು.

ಐದು ತಿಂಗಳಿಗೆ ಹೂಜಿ ಮೂಕವಾಯಿತು. ಹಾಡಿನ ನಡುವೆ ಕೆಮ್ಮು ಹತ್ತಿ ಭಾವ ಕ್ಷೌರದ ಕುರ್ಚಿಯಲ್ಲಿ ಮುದುರಿಕೊಂಡ. ಹಲಗೆ ನಿಂತಿತು, ಗಿಟಾರೂ ನಿಂತಿತು.

"ಭಾವ, ಅವತ್ತು ಅಷ್ಟು ಮೇಲಕ್ಕೆ ಹೆಂಗೆ ಊದಿದ್ರಿ?" ಎಂದ ದರ್ಜಿ.

"ಹೂಜಿ ಊದಿದಂಗೇ ಕಣೋ."

ದರ್ಜಿ ಅಂಗುಸ್ತಾನಗಳನ್ನು ಒಂದೊಂದಾಗಿ ಬಿಚ್ಚಿಟ್ಟ. "ಅಕ್ಕಂಗೆ ನೀವೇ ಹೇಳ್ತೀರೋ, ನಾನು ಹೇಳ್ಲೋ?"

ಅಕ್ಕ ಬೈಯಲಿಲ್ಲ. ಮರುದಿನ ಗಂಡನನ್ನು ಕರೆದುಕೊಂಡು ಕಾರ್ಖಾನೆಯ ಜನರ ನಡುವೆಯೇ ನರ್ಸಮ್ಮನ ಮುಂದೆ ನಿಂತಳು. "ಇವರದು ಕೆನ್ನೆ ಗಾಳಿ ತಾಯಿ, ಎದೆಯದಲ್ಲ. ಇನ್ನೊಂದು ಸಲ ಊದಿಸಿ," ಎಂದವಳೇ ಎರಡೂ ಅಂಗೈಗಳಿಂದ ಅವನ ಕೆನ್ನೆಗಳನ್ನು ಒತ್ತಿ ಹಿಡಿದಳು. ಮದುವೆಯಾದಂದಿನಿಂದ ಅಷ್ಟು ಜನರೆದುರು ಅವಳು ಅವನ ಮುಖ ಮುಟ್ಟಿದ್ದಿಲ್ಲ. ಭಾವ ಊದಿದ. ಮುಳ್ಳು ಒಮ್ಮೆ ಮಿಸುಕಿ ಮಲಗಿತು.

"ಗೇಟ್ ಕೆಲಸ ಸಿಕ್ತಾ?" ಎಂದ.

ನರ್ಸಮ್ಮ ಪೆನ್ನಿನಿಂದ ಕಣ್ಣೆತ್ತಲಿಲ್ಲ. "ಗೇಟಿಗೂ ಇಷ್ಟು ಉಸಿರು ಸಾಲಲ್ಲ ಯಜಮಾನ್ರೇ. ಮನೇಲಿರಿ ಅಂತ ಬರೀತಿದೀನಿ."

ಹೆಂಡತಿ ಇನ್ನೂ ಕೆನ್ನೆ ಬಿಟ್ಟಿರಲಿಲ್ಲ.