ಓಣಿಯ ಉತ್ತರ ಬರುವ ತನಕ

ಬೆಳಿಗ್ಗೆ ಕಸದ ಗಾಡಿ ನಮ್ಮ ಓಣಿಯ ತಿರುವಿಗೆ ಬಂದಾಗ, ಹಸಿ ಕಸ ಒಣ ಕಸ ಬೇರೆ ಮಾಡಿ ಎಂದು ಅದರ ಮೈಕಿನಲ್ಲಿ ಒಬ್ಬ ಹೆಣ್ಣುಮಗಳು ಹೇಳುತ್ತಾಳೆ. ಮಾತು ಸ್ಪಷ್ಟ. ಆದರೆ ನಡುವೆ ಎಲ್ಲಿಯೂ ಉಸಿರು ತೆಗೆದುಕೊಂಡದ್ದು ಕೇಳಿಸುವುದಿಲ್ಲ. ಅದರ ಹಿಂದೆಯೇ ಚಿನ್ನದಂಗಡಿಯ ಆಟೊ ಬರುತ್ತದೆ. ಅದರಲ್ಲೂ ರೆಕಾರ್ಡು ಮಾಡಿದ ದನಿ. ಅಷ್ಟು ಹೊತ್ತಿಗೆ ನಾನು ಹಾಸಿಗೆ ಮಡಚಿ, ಸ್ನಾನ ಮುಗಿಸಿ, ಎರಡು ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿರುತ್ತೇನೆ. ಎರಡೂ ದನಿಗಳು ದೂರವಾದ ಮೇಲೆ ಓಣಿ ಖಾಲಿಯಾಗುತ್ತದೆ. ಆಗ ಎಲ್ಲಿಂದಲೋ ಅಜವಾನದ ವಾಸನೆ ಬಂದಂತಾಗುತ್ತದೆ. ಅದು ನಮ್ಮ ಕಾಕಾನ ವಾಸನೆ.

ತಳಕಲ್ಲಿನಲ್ಲಿ ಹೊಲ ಮಾಡುತ್ತಿದ್ದ ಅಪ್ಪ ನನ್ನನ್ನು ಓದಲೆಂದು ಗಂಗಾವತಿಯಲ್ಲಿದ್ದ ತಮ್ಮನ, ಅಂದರೆ ನಮ್ಮ ಕಾಕಾನ, ಮನೆಗೆ ಬಿಟ್ಟಿದ್ದರು. ಕಾಕಾನ ಕೆಲಸ ಮೈಕಿನಲ್ಲಿ ಸಾರುವುದು. ಟಾಂಗಾದ ಮೇಲೆ ಹಾರ್ನು, ಕಾಲ ಬಳಿ ಬ್ಯಾಟರಿ, ಕೈಯಲ್ಲಿ ಕರಿಯ ಮೈಕು. ನಾಳೆ ನಳದ ನೀರು ಬರುವುದಿಲ್ಲ ಎಂಬ ಪುರಸಭೆಯ ಮಾತು, ಬಟ್ಟೆ ಅಂಗಡಿಗೆ ಹೊಸ ಮಾಲು ಬಂದದ್ದು, ಕಂಪನಿ ನಾಟಕದ ಕೊನೆಯ ಆಟ, ಎಲ್ಲ ಅವನ ಒಂದೇ ಗಂಟಲಿನಿಂದ ಊರಿಗೆ ಮುಟ್ಟುತ್ತಿತ್ತು. ಆದರೆ ದನಿ ಒಂದೇ ಅಲ್ಲ. ಪುರಸಭೆಯದಕ್ಕೆ ಬಿಗಿ, ಅಂಗಡಿಯದಕ್ಕೆ ನಗು, ನಾಟಕಕ್ಕೆ ರಾಜನ ಗತ್ತು. ಆ ಗಂಟಲಿಗಾಗಿಯೇ ಮನೆ ಗಡಿಯಾರದಂತೆ ನಡೆಯುತ್ತಿತ್ತು. ಏಳುತ್ತಲೇ ಉಪ್ಪುನೀರಿನಿಂದ ಗಂಟಲು ತೊಳೆಯಬೇಕು, ಆಮೇಲೆ ಅಜವಾನ ಅಗಿಯಬೇಕು, ಮೈಕನ್ನು ಒಣ ಬಟ್ಟೆಯಿಂದ ಒರೆಸಿ ದೇವರ ಗೂಡಿನ ಕೆಳಗೇ ಇಡಬೇಕು. ಮುಂದೆ ಸಾಲೆಯಲ್ಲಿ ಹೆಡ್‌ಮೇಡಂ ಆಗಿ ನಾನು ಮಕ್ಕಳಿಗೆ ಹಾಕಿದ ಶಿಸ್ತೆಲ್ಲ ಆ ಮನೆಯಿಂದ ತಂದದ್ದು.

ಸಾರುವವನಾದ್ದರಿಂದ ಕಾಕಾ ಮನೆಯಲ್ಲೂ ಪ್ರತಿ ಮಾತನ್ನು ಎರಡು ಸಲ ಹೇಳುತ್ತಿದ್ದ. "ಉಪ್ಪು ತಗೊಂಡ್ ಬಾ. ಉಪ್ಪು ತಗೊಂಡ್ ಬಾ" ಎಂದು ತಾಟಿನ ಮುಂದೆ ಕುಳಿತು ಕೂಗಿದರೆ, ಒಲೆಯ ಮುಂದಿನಿಂದ ಕಾಕಿ, "ಒಮ್ಮೆ ಹೇಳ್ರಿ ಸಾಕು, ನಾ ಏನ್ ಪ್ಯಾಟಿ ಅದೀನೇನ್?" ಎನ್ನುವಳು. ಕಾಕಾ ನಕ್ಕು, "ಪ್ಯಾಟಿ ಆದ್ರೂ ಒಮ್ಮೆಗೆ ಕೇಳತೈತಿ, ನೀ ಕೇಳಂಗಿಲ್ಲ" ಎನ್ನುವನು. "ಊರಿಗೆಲ್ಲಾ ನೀವು ಹೇಳ್ತೀರಿ, ನಾ ಹೇಳಿದ್ದು ಒಂದರೆ ನಿಮ್ಮ ಕಿವಿಗೆ ಬಿದ್ದೈತೇನ್ರಿ?" ಎಂದು ಕಾಕಿ ಉಪ್ಪಿನ ಬಟ್ಟಲನ್ನು ಕುಕ್ಕಿ ಇಡುವಳು. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಸಾವಿನ ಸುದ್ದಿ ಮಾತ್ರ ಬೇರೆ. ಅದಕ್ಕೆ ಕಾಕಾ ಟಾಂಗಾ ಹತ್ತುತ್ತಿರಲಿಲ್ಲ, ಮೈಕು ಮುಟ್ಟುತ್ತಿರಲಿಲ್ಲ. ಚಪ್ಪಲಿ ಮನೆಯಲ್ಲೇ ಬಿಟ್ಟು, ಬರಿಗಾಲಲ್ಲಿ ಓಣಿ ಓಣಿ ನಡೆದು, ಬರಿಬಾಯಿಂದ ಹೇಳುತ್ತಿದ್ದ. "ಓಣಿ ಮಂದಿ ಕೇಳ್ರಿ. ಇಂಥವರು ತೀರಿಕೊಂಡಾರ. ಸಂಜೀಮುಂದ ಮಣ್ಣು ಐತಿ." ಹೇಳಿ ನಿಲ್ಲುತ್ತಿದ್ದ. ಯಾವುದಾದರೂ ಒಂದು ಬಾಗಿಲಿನಿಂದ "ಕೇಳಿದ್ವಿ" ಎಂಬ ಮಾತು ಬರುವ ತನಕ ಮುಂದಿನ ಓಣಿಗೆ ಹೆಜ್ಜೆ ಇಡುತ್ತಿರಲಿಲ್ಲ. ಹಿಟ್ಟಿನ ಕೈಯಲ್ಲೇ ಯಾರೋ ಹೆಂಗಸು ಹೊರಗೆ ಬಂದು ಆ ಮಾತು ಹೇಳುವಳು. ಹಾಗೆ ಯಾಕೆ ನಿಲ್ಲುತ್ತೀ ಎಂದು ಒಮ್ಮೆ ಕೇಳಿದ್ದೆ. "ಸೀರಿ ಮಾರೋದಾದ್ರ ಹೇಳಿ ಹೋದ್ರ ನಡೀತೈತಿ. ಇದನ್ನ ಒಬ್ಬರ ಕೈಯಾಗ ಕೊಟ್ಟು ಹೋಗಬೇಕವ್ವಾ" ಎಂದಿದ್ದ.

ಆಮೇಲೆ ಆದದ್ದು ನಿಮ್ಮ ಊರಲ್ಲೂ ಆಗಿದೆ. ಅಂಗಡಿಯವರು ದೂರದ ಸ್ಟುಡಿಯೋದಿಂದ ದನಿ ತರಿಸಿದರು. ಅದೇ ದನಿ ಕಾರಟಗಿಯಲ್ಲಿ ಅಕ್ಕಿ ಮಾರಿತು, ಕುಷ್ಟಗಿಯಲ್ಲಿ ಸೀರೆ ಮಾರಿತು. ನಳದ ಸುದ್ದಿ ಫೋನಿನ ಗ್ರೂಪಿಗೆ ಹೋಯಿತು. ನಾಟಕದವರು ಆಟದ ತುಣುಕನ್ನು ತಾವೇ ಫೋನಿಗೆ ಹಾಕತೊಡಗಿದರು. ಅನುಕೂಲವಾಗಿಲ್ಲ ಎನ್ನಲಾರೆ, ಮನೆಯ ತೆರಿಗೆಯನ್ನು ನಾನೂ ಕುಳಿತಲ್ಲೇ ಫೋನಿನಲ್ಲಿ ಕಟ್ಟುತ್ತೇನೆ. ಕಾಕಾ ಮಾತ್ರ ಕೆಲಸವಿಲ್ಲದೆಯೂ ಬೆಳಿಗ್ಗೆ ಗಂಟಲು ತೊಳೆಯುವುದನ್ನು ಬಿಡಲಿಲ್ಲ. ಕಾಕಿ ಹೋದ ಮೇಲೆ ಎರಡು ಸಲ ಹೇಳುವುದು ನಿಂತಿತು. ಒಂದು ಸಲ ಹೇಳುವುದೂ ಕಡಿಮೆಯಾಯಿತು.

ಕಳೆದ ಚಳಿಗಾಲ ಒಂದು ಮುಂಜಾನೆ ಕಾಕಾ ಹೋದ. ನಾನು ಅವನ ಮನೆ ಮುಟ್ಟುವಷ್ಟರಲ್ಲಿ ಅವನ ಮಗ ಶರಣು ಫೋಟೊಕ್ಕೆ ಹೂವಿನ ಚೌಕಟ್ಟು ಹಾಕಿ ಓಣಿಯ ಗ್ರೂಪಿಗೆ ಕಳಿಸಿಯಾಗಿತ್ತು. ಕೈಮುಗಿದ ಚಿತ್ರಗಳು ಒಂದರ ಕೆಳಗೊಂದು ಬೀಳುತ್ತಿದ್ದವು; ನಡುವೆ ಯಾರದೋ ಮಗುವಿನ ಹುಟ್ಟುಹಬ್ಬದ ಕೇಕೂ ಬಂತು. ಒಮ್ಮೆ ಕಾಕಾನ ದನಿ ಕೇಳಿಸು ಎಂದೆ. ಶರಣು ಫೋನು ಹುಡುಕಿ ಒಂದು ವಿಡಿಯೊ ತೆಗೆದ. ಕಾಕಾ ಕಟ್ಟೆಯ ಮೇಲೆ ಕುಳಿತು ಕೈ ಎತ್ತಿ ಏನೋ ಸಾರುತ್ತಿದ್ದಾನೆ, ತುಟಿಗಳು ಆಡುತ್ತಿವೆ, ಮೇಲೆ ಯಾವುದೋ ಹಾಡು. "ಹಾಡು ಹಾಕಿದ್ರ ಛಲೋ ಕಾಣ್ತೈತಂತ ಹುಡುಗ್ರು ಹಾಕ್ಯಾರಕ್ಕಾ. ಒಳಗಿನ ದನಿ ಹೋಗೈತಿ" ಎಂದು ಅವನು ತಲೆ ತಗ್ಗಿಸಿದ.

"ಓಣ್ಯಾಗ ಯಾರು ಸಾರ್ತಾರೋ?" ಎಂದೆ.

"ಎಲ್ಲಾರಿಗೂ ಮುಟ್ಟೈತಕ್ಕಾ. ಬೇಕಂದ್ರ ಆಟೊದಾಂವಗ ಹೇಳ್ತೀನಿ, ರೆಕಾರ್ಡ್ ಮಾಡಿ ತಿರುಗಿಸ್ತಾನ."

"ಬ್ಯಾಡ" ಎಂದು ಎದ್ದೆ. ಊರಿನ ಸಾವುಗಳನ್ನೆಲ್ಲ ಕಾಲ್ನಡಿಗೆಯಲ್ಲಿ ಹೇಳಿದವನ ಸಾವು ಚಿನ್ನದಂಗಡಿಯ ಆಟೊದಲ್ಲಿ ತಿರುಗಬಾರದು. ಹೆಂಗಸು ಸಾವಿನ ಸುದ್ದಿ ಸಾರಿದ್ದನ್ನು ನಾನು ಕಂಡಿಲ್ಲ. ಆದರೂ ಚಪ್ಪಲಿ ಬಿಟ್ಟು ಹೊರಟೆ.

ಹಿಂದಿನ ಓಣಿಯ ನಡುವೆ ನಿಂತು ಹೇಳಿದೆ. "ಓಣಿ ಮಂದಿ ಕೇಳ್ರಿ. ಮೈಕಿನ್ಯಾಗ ಸಾರತಿದ್ದ ನಮ್ಮ ಕಾಕಾ ತೀರಿಕೊಂಡಾನ. ಸಂಜೀಮುಂದ ಮಣ್ಣು ಐತಿ." ಸಾಲೆಯ ಅಂಗಳಕ್ಕೆಲ್ಲ ಕೇಳುತ್ತಿದ್ದ ನನ್ನ ದನಿ ಅಲ್ಲಿ ಎರಡು ಬಾಗಿಲು ದಾಟಲಿಲ್ಲ. ಒಳಗೆ ಟಿವಿಗಳು ಮಾತಾಡುತ್ತಿದ್ದವು. ಒಂದು ಬಾಗಿಲು ಅರ್ಧ ತೆರೆದು ಹರೆಯದ ಸೊಸೆಯೊಬ್ಬಳು ಇಣುಕಿದಳು. "ಏನ್ ಮಾರಾಕ ಬಂದೀರಿ ಅಮ್ಮಾ?" ಎಂದಳು. ಇನ್ನೊಮ್ಮೆ ಹೇಳಿದೆ. "ಅಯ್ಯ, ಅದನ್ನ ಮುಂಜಾನೆನ ಫೋನಿನ್ಯಾಗ ನೋಡೀವ್ರಿ" ಎಂದು, ಕೆಟ್ಟ ಮನಸ್ಸಿನಿಂದಲ್ಲ, ಬಾಗಿಲು ಮುಂದೆ ಮಾಡಿದಳು.

ನಾನು ನಿಂತೇ ಇದ್ದೆ. ಬಿಸಿಲು ಏರಿ ಅಂಗಾಲು ಸುಡತೊಡಗಿತು. ಬಾಗಿಲುಗಳನ್ನು ಒಂದೊಂದಾಗಿ ನೋಡಿದೆ. ಹಿಟ್ಟಿನ ಕೈಯ ಯಾರೂ ಹೊರಗೆ ಬರಲಿಲ್ಲ. ಇನ್ನೂ ಓಣಿಗಳು ಉಳಿದಿದ್ದವು, ಸಂಜೆಯೊಳಗೆ ಮುಗಿಯಬೇಕಿತ್ತು, ಉತ್ತರವಿಲ್ಲದೆ ಮುಂದೆ ಹೋಗುವಂತಿರಲಿಲ್ಲ.

"ಕೇಳಿದ್ವಿ" ಎಂದು ನಾನೇ ಹೇಳಿ, ಮುಂದಿನ ಓಣಿಗೆ ನಡೆದೆ.