ಜಂಕ್ಷನ್ನಿನಲ್ಲಿ ಸುರಿದ ಸೀಸೆ

೧೯೫೦ರಲ್ಲಿ ನಾನು ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ಅಸಿಸ್ಟೆಂಟ್ ಸರ್ಜನ್ ಆಗಿದ್ದೆ. ಮದ್ರಾಸಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಎರಡು ವರ್ಷವಾಗಿತ್ತು. ಕ್ಯಾನ್ಸರ್ ಬಗ್ಗೆ ಕಾಲೇಜಿನಲ್ಲಿ ಕೇಳಿದ್ದು ಕೆಲವೇ ಪಾಠ. ಗೆಡ್ಡೆಯೊಳಗೆ ಚುಚ್ಚಿಟ್ಟು ಅದನ್ನು ಸುಡುವ ರೇಡಿಯಂ ಸೂಜಿಯನ್ನು ನೋಡಿದ್ದು ಒಮ್ಮೆ, ಅದೂ ಹತ್ತು ಜನರ ಬೆನ್ನ ಹಿಂದಿನಿಂದ. ಈ ರೋಗದ ಚಿಕಿತ್ಸೆ ಕಲಿಯಬೇಕೆಂದರೆ ಸರ್ಕಾರವೇ ನಮ್ಮನ್ನು ಮದ್ರಾಸಿಗೆ ಕಳಿಸಬೇಕಿತ್ತು. ಎರಡು ಸಲ ಅರ್ಜಿ ಹಾಕಿದೆ. ಎರಡು ಸಲವೂ ಒಂದೇ ಸಾಲಿನ ಉತ್ತರ: ಸೇವಾ ಹಿರಿತನ ಸಾಲದು. ರೋಗಿಗಳು ಮಾತ್ರ ನನ್ನ ಹಿರಿತನ ಕೇಳದೆ ಬರುತ್ತಿದ್ದರು.

ಹಂಪಮ್ಮ ಕುರುಗೋಡಿನವರು, ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಹತ್ತಿ ಆರಿಸುತ್ತಿದ್ದರು. ಬಾಯಲ್ಲಿ ಸದಾ ಹೊಗೆಸೊಪ್ಪು, ಸುಣ್ಣ. ನಾಲಿಗೆಯ ಅಂಚಿನಲ್ಲಿ ಹುಣಸೆ ಬೀಜದಷ್ಟು ಹುಣ್ಣು. ಮದ್ರಾಸಿನ ರೇಡಿಯಂ ವಾರ್ಡಿನಲ್ಲಿ ಹಾಸಿಗೆ ಸಿಗಬೇಕಾದರೆ ಬಯಾಪ್ಸಿ ವರದಿ ಬೇಕು, ಅಂದರೆ ಹುಣ್ಣಿನ ಚೂರನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಬರೆದುಕೊಟ್ಟ ತೀರ್ಮಾನ. ಅದನ್ನು ಕಲಿತವರು ನಮ್ಮಲ್ಲಿರಲಿಲ್ಲ. ಚೂರೂ ಮದ್ರಾಸಿಗೇ ಹೋಗಬೇಕು. ಚೂರು ಕೆಡದಂತೆ ಇಡುವ ಫಾರ್ಮಲಿನ್ ಮುಗಿದಿದ್ದರಿಂದ, ಹುಣ್ಣಿನಿಂದ ತೆಗೆದ ಚೂರನ್ನು ಸ್ಪಿರಿಟ್ ಸೀಸೆಯಲ್ಲಿ ಹಾಕಿ, ಹಂಪಮ್ಮನ ತಮ್ಮ ಕೊಟ್ರಪ್ಪನ ಕೈಗೆ ಕೊಟ್ಟೆ.

"ನನಗಿಂತ ಮದ್ಲ ನನ್ನ ನಾಲಿಗಿ ಮದ್ರಾಸ್ ನೋಡಾಕ ಹೊಂಟೈತಿ," ಎಂದು ಹಂಪಮ್ಮ ನಕ್ಕರು.

ಕಾಂಪೌಂಡರ್ ಖಾಜಾಸಾಬರು ನಗಲಿಲ್ಲ. ಆಗ ಬಳ್ಳಾರಿ ಸೇರಿದ್ದ ಮದ್ರಾಸ್ ರಾಜ್ಯದಲ್ಲಿ ಪಾನನಿಷೇಧ. "ಡಾಕ್ಟ್ರ, ಸ್ಪಿರಿಟ್ ವಾಸ್ನಿ ಬಂದ್ರ ಹಿಡಿತಾರ್ರಿ. ಮೊಹರು ಹಾಕಿದ ಚೀಟಿ ಕೊಡ್ರಿ."

ಮೊಹರು ಹಿರಿಯ ಸರ್ಜನ್ನರ ಬೀರುವಿನಲ್ಲಿತ್ತು, ರೈಲಿಗೆ ಹೊತ್ತಾಗಿತ್ತು. ಔಷಧಕ್ಕೆ ಯಾರು ತಕರಾರು ಮಾಡುತ್ತಾರೆ ಎಂದು ನಾನು ಕೊಟ್ರಪ್ಪನನ್ನು ಹಾಗೆಯೇ ಓಡಿಸಿದೆ.

ಮೂರನೆಯ ದಿನ ಅವನು ಬರಿಗೈಲಿ ಬಂದ. "ಜಂಕ್ಷನ್ನಾಗ ಪೊಲೀಸ್ರು ಹಿಡದ್ರು ಸಾಹೇಬ್ರ. 'ಏನಲೇ, ಕುಡಿಯಾಕ ಒಯ್ತೀಯೇನು?' ಅಂದ್ರು. ನಮ್ಮಕ್ಕನ ನಾಲಿಗಿ ಐತ್ರಿ ಅಂದೆ. ನಕ್ಕೋತ ಹಳಿ ಮ್ಯಾಲ ಸುರುವಿದ್ರು."

ಮತ್ತೊಮ್ಮೆ ಕೊಯ್ಯಬೇಕೆಂದಾಗ ಹಂಪಮ್ಮ ಹೆದರಿ ಊರಿಗೆ ಹೋದರು. ಆರು ವಾರದ ಮೇಲೆ ಬಂದಾಗ ಹುಣ್ಣು ನಾಲಿಗೆಯ ಬುಡದತ್ತ ಇಳಿದಿತ್ತು. ಈ ಸಲ ವರದಿಯಲ್ಲಿ ಸಂಶಯಕ್ಕೆ ಎಡೆ ಇರಬಾರದೆಂದು ಹುಣ್ಣಿನ ನಡುವಿನಲ್ಲೇ ಆಳವಾಗಿ ಕೊಯ್ದೆ. ರಕ್ತ ನನ್ನ ಕನ್ನಡಕಕ್ಕೆ ಚಿಮ್ಮಿತು. ಗಾಜ್ ಬಟ್ಟೆ ತುರುಕಿದೆ, ಅದರಿಂದ ಅವರ ಉಸಿರೇ ಕಟ್ಟತೊಡಗಿತು. ಅವರ ಕಣ್ಣು ನನ್ನ ಮೇಲೇ ನೆಟ್ಟಿತ್ತು. ಹಿರಿಯ ಸರ್ಜನ್ ಅಂದು ಸಿರುಗುಪ್ಪದಲ್ಲಿದ್ದರು.

"ಮುಂದಕ ಬಗ್ಗಸ್ರಿ! ನಾಲಿಗಿ ಹೊರಗ ಎಳೀರಿ!" ಎಂದು ಖಾಜಾಸಾಬರು ಕೂಗಿದರು. ಯುದ್ಧಕಾಲದಲ್ಲಿ ಕಂಟೋನ್ಮೆಂಟಿನಲ್ಲಿ ಅವರು ಗಾಯಾಳುಗಳನ್ನು ನೋಡಿಕೊಂಡಿದ್ದರು. ನನ್ನ ಎರಡು ಬೆರಳನ್ನು ಹಿಡಿದು ನಾಲಿಗೆಯ ಬುಡದ ಹಿಂದೆ ಕೊಕ್ಕೆಯಂತೆ ಹಾಕಿಸಿ, ದವಡೆಗೆ ಒತ್ತಿಸಿದರು. ರಕ್ತ ತಗ್ಗಿತು. ಸಿರುಗುಪ್ಪದಿಂದ ಸರ್ಜನ್ನರ ಕಾರು ಬರುವವರೆಗೆ ನಾನು ಆ ಬೆರಳುಗಳನ್ನು ಅಲುಗಿಸಲಿಲ್ಲ.

ಸರ್ಜನ್ ಕತ್ತಿನಲ್ಲಿ ರಕ್ತನಾಳ ಕಟ್ಟಿ ಹಂಪಮ್ಮನನ್ನು ಉಳಿಸಿದರು. ಕೈ ತೊಳೆಯುತ್ತ ಕೇಳಿದರು: "ಹುಣ್ಣಿನ ಅಂಚು ಬಿಟ್ಟು ನಡುವಕ ಯಾಕ ಕೊಯ್ದೆಪಾ? ಅಂಚಿನ ಚೂರು ಸಾಕಿತ್ತಲ್ಲ."

"ಯಾರೂ ಹೇಳಿಕೊಟ್ಟಿರಲಿಲ್ಲ ಸಾರ್."

"ನನಗೂ ಯಾರು ಹೇಳ್ಯಾರ? ಒಬ್ಬಾತನ್ನ ಕಳಕೊಂಡು ಕಲ್ತೆ."

ವರದಿ ಬಂತು, ಹಾಸಿಗೆಯೂ ಸಿಕ್ಕಿತು. ಆದರೆ ಹಂಪಮ್ಮ ಮದ್ರಾಸ್ ಸೇರುವ ಹೊತ್ತಿಗೆ ಕತ್ತಿನಲ್ಲಿ ಗಂಟುಗಳಾಗಿದ್ದವು. ರೇಡಿಯಂ ಸೂಜಿಯಿಂದ ಇನ್ನು ಉಪಯೋಗವಿಲ್ಲವೆಂದು ತಿರುಗಿ ಕಳಿಸಿದರು. ಮುಂದಿನ ಬೇಸಿಗೆಯನ್ನು ಅವರು ಕಾಣಲಿಲ್ಲ.

ಈ ಪ್ರಕರಣವನ್ನೆಲ್ಲ ಬರೆದು ಮೂರನೆಯ ಅರ್ಜಿ ಹಾಕಿದೆ. ಅದು ಮೇಜಿನಿಂದ ಮೇಜಿಗೆ ಹೋಗುತ್ತಿರುವಾಗಲೇ ೧೯೫೩ ಬಂತು, ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ನಾನೀಗ ಮದ್ರಾಸ್ ರಾಜ್ಯದವನಲ್ಲವೆಂದು ಅರ್ಜಿ ವಾಪಸಾಯಿತು.

ಆ ತರಬೇತಿ ನನಗೆ ಕೊನೆಗೂ ಸಿಗಲಿಲ್ಲ. ನಿವೃತ್ತನಾಗುವವರೆಗೆ, ಹೊಸದಾಗಿ ಬಂದ ಪ್ರತಿ ಡಾಕ್ಟರನ್ನೂ ಮೊದಲ ದಿನವೇ ಕೂರಿಸಿ ಹುಣ್ಣಿನ ಚೂರನ್ನು ಎಲ್ಲಿಂದ ತೆಗೆಯಬೇಕೆಂದು ತೋರಿಸುತ್ತಿದ್ದೆ. ಐದು ನಿಮಿಷ ಹಿಡಿಯುತ್ತಿತ್ತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಹೇಳಿಕೊಡುವುದಕ್ಕೆ ಮಾತ್ರ ಎಷ್ಟೋ ದಿನ ಬೇಕಾಗುತ್ತಿತ್ತು.